ಕೈಚಕ್ರ ಕಳಚಿದ ಆರ್ವಿಡ್

ಆರ್ವಿಡ್ ಟ್ವೈಟ್‌ನ ಬಲಭುಜ ಕೈಕೊಟ್ಟಿತು. ಅದರ ಬೆನ್ನಿಗೇ ಅವನ ಸಾಮ್ರಾಜ್ಯವೂ ಕೈತಪ್ಪುವುದರಲ್ಲಿತ್ತು. ಸಾಮ್ರಾಜ್ಯವೆಂದರೆ ಅಮೆರಿಕದ ಡುಲೂತ್‌ನ ಅವನ ಮನೆಯ ನೆಲಮಾಳಿಗೆ; ಸಿಂಹಾಸನವೆಂದರೆ ಅಲ್ಲಿನ ಮರ ಕೀಸುವ ಯಂತ್ರ. ಹಲಗೆ ತೆಳುವಾಗಬೇಕಾದರೆ ಯಂತ್ರದ ಮೇಜು ಮೇಲಿನ ಅಲಗಿನತ್ತ ಏರಬೇಕು, ಮೇಜು ಏರಬೇಕಾದರೆ ಕಬ್ಬಿಣದ ಕೈಚಕ್ರ ತಿರುಗಬೇಕು, ಚಕ್ರ ತಿರುಗಬೇಕಾದರೆ ಭುಜ ಬೇಕು. ಆ ಭುಜ ಈಗ ಕೋಟು ಹಾಕಿಕೊಳ್ಳುವುದಕ್ಕೂ ಗೋಗರೆಯುತ್ತಿತ್ತು.

“ಶನಿವಾರ ಪಕ್ಕದ್ಮನೆ ಹಾಲ್ವರ್ ಬಂದು ಯಂತ್ರ ತಗೊಂಡು ಹೋಗ್ತಾನೆ,” ಎಂದಳು ಹೆಂಡತಿ ಮಾರ್ಲಿಸ್, ಚರ್ಚಿನ ಮಾರಾಟಕ್ಕೆ ಲೆಫ್ಸ ಎಂಬ ಆಲೂಗಡ್ಡೆ ರೊಟ್ಟಿ ಲಟ್ಟಿಸುತ್ತ.

“ನನ್ನನ್ನ ಒಂದು ಮಾತು ಕೇಳ್ದೇನೇ?”

“ಕೇಳ್ದೆ. ನೀನು ‘ನೋಡೋಣ’ ಅಂದೆ. ಮದ್ವೆ ಆದಾಗಿಂದ ನಂಗೊಂದು ಷೆಲ್ಫ್ ಮಾಡ್ಕೊಡು ಅಂದ್ರೂ ಅದನ್ನೇ ಅಂತಿದ್ದೀಯ.”

ಹೊರಗೆ ನವೆಂಬರಿನ ಸರೋವರ ಬೂದಿ ಬಣ್ಣಕ್ಕೆ ತಿರುಗಿತ್ತು. ಯಂತ್ರ ಹೋದರೆ ಬೆಳಗ್ಗೆ ಎದ್ದು ಇಳಿದುಹೋಗಲು ತನಗೊಂದು ಜಾಗವೇ ಇರುವುದಿಲ್ಲ ಎಂದು ನೆನೆದು ಆರ್ವಿಡ್‌ಗೆ ನಿಜಕ್ಕೂ ಅಳು ಬಂತು. (ಅವರ ಕಡೆ ಗಂಡಸರು ಅಳುವುದಿಲ್ಲ, ಮೂಗು ಒರೆಸಿಕೊಳ್ಳುತ್ತಾರೆ.) ಮೂಗು ಒರೆಸಿಕೊಳ್ಳುತ್ತಿದ್ದಾಗಲೇ ಉಪಾಯ ಹೊಳೆಯಿತು. ಕೆಳಗೆ ಹೋಗಿ ಕೈಚಕ್ರವನ್ನೇ ಕಳಚಿದ. ದಂಡದ ತುದಿಯಲ್ಲಿ ಒಂದು ನಟ್ಟು ಇತ್ತು. ಅದಕ್ಕೆ ಕೂರುವ ಸಾಕೆಟ್ಟನ್ನು ಬ್ಯಾಟರಿ ಡ್ರಿಲ್ಲಿಗೆ ಸಿಕ್ಕಿಸಿ, ಹೆಂಡತಿಯನ್ನು ಕೂಗಿ ಕರೆದ.

“ನೋಡು, ಇನ್ಮೇಲೆ ಇದಕ್ಕೆ ಭುಜ ಬೇಡ, ಬೆರಳು ಸಾಕು. ಮಗು ಕೈಲೂ ಆಗುತ್ತೆ!”

ಎಡಗೈಯಲ್ಲಿ ಡ್ರಿಲ್ ಹಿಡಿದು ಗುಂಡಿ ಒತ್ತಿದ. ಮೇಜು ಗರಗರನೆ ಏರತೊಡಗಿತು. ಆ ಮನೆಯಲ್ಲಿ ಅತ್ಯುನ್ನತ ಪ್ರಶಸ್ತಿಯೆಂದರೆ “ಪರವಾಗಿಲ್ಲ” ಎಂಬ ಒಂದು ಮಾತು. ಅದು ಈಗ ಬಂತು, ಇನ್ನೇನು ಬಂತು ಎಂದು ಆರ್ವಿಡ್ ಹೆಂಡತಿಯ ಮುಖವನ್ನೇ ನೋಡುತ್ತ ಗುಂಡಿ ಒತ್ತಿಕೊಂಡೇ ಇದ್ದ. ಮೇಜು ತುದಿ ಮುಟ್ಟಿ ನಿಂತಿತು. ಡ್ರಿಲ್ ನಿಲ್ಲಲಿಲ್ಲ. ನಟ್ಟು ತಿರುಗದಿದ್ದರೇನಂತೆ, ಆರ್ವಿಡ್‌ನ ಮಣಿಕಟ್ಟು ಇದೆಯಲ್ಲ ಎಂದು ಅದನ್ನೇ ತಿರುಚಿತು.

“ಅಯ್ಯಯ್ಯೋ!”

ಮಾರ್ಲಿಸ್ ಐಸ್ ತಂದು ಮಣಿಕಟ್ಟಿಗೆ ಕಟ್ಟಿದಳು. ಆಮೇಲೆ ಡ್ರಿಲ್ ಎತ್ತಿಕೊಂಡು ಅದರ ಕತ್ತಿನ ಬಳೆಯನ್ನು ತಿರುಗಿಸಿದಳು. “ಇದನ್ನ ಕಮ್ಮಿಗೆ ಇಡ್ಬೇಕು. ಆಗ ಬಿಗಿಯಾದ್ರೆ ಡ್ರಿಲ್ ತಾನಾಗೇ ಜಾರುತ್ತೆ, ಕೈ ತಿರುಚಲ್ಲ. ಈ ಮನೆ ಪರದೆ ಸರಳಿಗೆಲ್ಲ ಡ್ರಿಲ್ ಹಿಡಿದು ಸ್ಕ್ರೂ ಹಾಕಿದ್ದು ಯಾರು ಅಂದ್ಕೊಂಡಿದ್ದೀಯ?”

ಮೇಜನ್ನು ಇಳಿಸಿ, ಹಲಗೆ ಕೊಟ್ಟು, ಯಂತ್ರ ಓಡಿಸಿದಳು. ಆಮೇಲೆ ಇಷ್ಟಿಷ್ಟೇ ಏರಿಸಿದಳು. ಹಲಗೆ ರೇಷ್ಮೆಯಂತೆ ನುಣುಪಾಗಿ ಹೊರಬಂತು.

“ಹೇಗಿದೆ?”

ಆರ್ವಿಡ್ ಬಹಳ ಹೊತ್ತು ಹಲಗೆ ಸವರಿದ. “ಪರವಾಗಿಲ್ಲ,” ಎಂದ.

ಮಾರ್ಲಿಸ್ ಫೋನ್ ಮಾಡಿದಳು. “ಹಾಲ್ವರ್, ಶನಿವಾರ ಬರ್ಬೇಡ. ಯಂತ್ರ ಕೊಡಲ್ಲ.”

ಆರ್ವಿಡ್‌ಗೆ ಮತ್ತೆ ಮೂಗು ಒರೆಸಿಕೊಳ್ಳುವಂತಾಯಿತು. “ಮಾರ್ಲಿಸ್... ನನಗೋಸ್ಕರಾನಾ?”

“ನನ್ನ ಷೆಲ್ಫಿಗೋಸ್ಕರ. ಇನ್ಮೇಲೆ ಕೆಳಗಡೆ ನಾನು ನೋಡ್ಕೋತೀನಿ. ನೀನು ಮೇಲೆ ಹೋಗಿ ಹಂಚಿನ ಮೇಲೆ ಲೆಫ್ಸ ಮಗುಚು. ಅದಕ್ಕೆ ಭುಜ ಬೇಡ, ಬೆರಳು ಸಾಕು. ಮಗು ಕೈಲೂ ಆಗುತ್ತೆ.”