ಬಣ್ಣದ ನೀರೂ ಕಬ್ಬಿಣದ ಕಳ್ಳನೂ

ಕೊಳೆನೀರು ತಿಳಿಮಾಡುವ ಕೆಲಸದಲ್ಲಿರುವವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಕೂತ ಜಾಗದಲ್ಲೇ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಕಾಶಿಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಕೆಮಿಸ್ಟ್. ನೂಲು ಅದ್ದಿ ಮಿಕ್ಕ ಬಣ್ಣದ ನೀರು ಹಾಗೇ ಚರಂಡಿ ಸೇರಿ, ಅಲ್ಲಿಂದ ಗಂಗೆಗೆ ಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹುಬ್ಬಳ್ಳಿಯಲ್ಲಿ ಓದುವಾಗ ಇದನ್ನು ಬಹಳ ಗಂಭೀರವಾದ ವಿಷಯ ಅಂದುಕೊಂಡಿದ್ದೆ.

೧. ಪನೀರು

ಜಂಗಮವಾಡಿಯ ಗಲ್ಲಿಯೊಂದರಲ್ಲಿ ನನ್ನ ಬಾಡಿಗೆ ಕೋಣೆ. ಕೆಳಗಿನ ಕೋಣೆಯಲ್ಲಿ ಗದಗದ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದವರು, ಇಲ್ಲಿಯ ಹಾಲು, ಜಿಲೇಬಿ ಮೈಗೆ ಹತ್ತಿ ಈಗ ಗಲ್ಲಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದಾರೆ.

ನಾನು ಏನು ಕೆಲಸ ಮಾಡುತ್ತೇನೆ ಎಂದು ಅಜ್ಜಿ ಒಂದು ದಿನ ಕೇಳಿದರು. ಬಣ್ಣದ ನೀರಿಗೆ ಪಟಿಕದಂಥ ಪುಡಿ ಹಾಕಿ ಕಲಕುತ್ತೇವೆ ಅಂದೆ. ಹಾಲಿಗೆ ನಿಂಬೆಹಣ್ಣು ಹಿಂಡಿದರೆ ಗಟ್ಟಿ ಬೇರೆ, ನೀರು ಬೇರೆ ಆಗುತ್ತದಲ್ಲ, ಹಾಗೆ ಕೊಳೆಯೆಲ್ಲ ಒಡೆದು ಗಂಟು ಕಟ್ಟಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿನೀರು ಬಿಡುತ್ತೇವೆ ಎಂದು ಬಿಡಿಸಿ ಹೇಳಿದೆ. ಅಜ್ಜಿ ತಲೆ ಆಡಿಸಿದರು. ಇಷ್ಟು ಚೆನ್ನಾಗಿ ಯಾವ ಮೇಷ್ಟರೂ ಹೇಳಿರಲಾರರು ಎಂದು ನನಗೇ ಖುಷಿಯಾಯಿತು.

ವಾರ ಕಳೆಯುವುದರೊಳಗೆ ಗಲ್ಲಿಯ ಮೂರು ಮನೆಯವರು ಅರ್ಧರ್ಧ ಕಿಲೋ ಪನೀರು ತಂದುಕೊಡಲು ಹೇಳಿದರು. ಕಾರ್ಖಾನೆಯ ರೇಟಿಗೆ ಸಿಕ್ಕರೆ ಹಬ್ಬಕ್ಕೆ ಇನ್ನಷ್ಟು ಬೇಕಂತೆ. ನಾನು ಅಜ್ಜಿಯ ಹತ್ತಿರ ಓಡಿ, ಅದು ಹಾಲಲ್ಲ, ಹೊಲಸು ಬಣ್ಣದ ನೀರು, ಕೆಳಗೆ ಕೂರುವುದು ಕಪ್ಪು ರಾಡಿ ಎಂದು ಮತ್ತೆ ಮೊದಲಿಂದ ವಿವರಿಸಿದೆ. ಅಜ್ಜಿ ಸಾವಕಾಶ ಯೋಚನೆ ಮಾಡಿ ಹೇಳಿದರು: "ಹಂಗಾದ್ರ ಬಣ್ಣದ್ದು ಬ್ಯಾಡ ತಂಗಿ. ಬಿಳೀದು ಬಂದ ದಿನ ತಗೊಂಡು ಬಾ."

೨. ಹೋಳಿ

ಹೋಳಿಯ ಹಿಂದಿನ ದಿನ ಕಾರ್ಖಾನೆಯ ಹಿಂದಿನ ಓಣಿಯವರು ಬಕೆಟ್ಟು, ಬಿಂದಿಗೆ, ಒಬ್ಬರು ಮಗುವಿನ ಸ್ನಾನದ ಟಬ್ಬನ್ನೇ ಹೊತ್ತು ಗೇಟಿಗೆ ಬಂದರು. ಒಳಗೆ ಗುಲಾಬಿ, ನೀಲಿ, ಹಳದಿ ನೀರು ತೊಟ್ಟಿಗಟ್ಟಲೆ ದಂಡವಾಗುತ್ತಿದೆ, ನಾವು ಅಂಗಡಿಯಲ್ಲಿ ದುಡ್ಡು ಕೊಟ್ಟು ಬಣ್ಣ ತರಬೇಕೇ ಎಂಬುದು ಅವರ ನ್ಯಾಯವಾದ ಪ್ರಶ್ನೆ.

ಆ ನೀರು ಮೈಗೆ ಬಿದ್ದರೆ ತುರಿಕೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆ ಎಂದು ನಾನು ಹೆದರಿಸಿದೆ. ಅವರಲ್ಲಿ ಮುಂದಾಳಂತಿದ್ದ ಹೆಂಗಸು ನನಗಿಂತ ತಿಳಿವಳಿಕೆಯಿಂದ ಮಾತಾಡಿದಳು. ಅವಸರವಿಲ್ಲವಂತೆ. ನಾನು ಶುದ್ಧ ಮಾಡಿ ಮುಗಿಸಲಿ, ಆಮೇಲೆ ತುಂಬಿಸಿಕೊಳ್ಳುತ್ತಾರಂತೆ. ಸರಿ ಎಂದು ಒಳಗಿನಿಂದ ಶುದ್ಧ ಮಾಡಿದ ನೀರನ್ನು ಒಂದು ಗಾಜಿನ ಜಾಡಿಯಲ್ಲಿ ತಂದು ತೋರಿಸಿದೆ. ಮಳೆನೀರಿನಂತೆ ತಿಳಿಯಾಗಿತ್ತು. ಆಕೆ ಜಾಡಿಯನ್ನು ಬಿಸಿಲಿಗೆ ಹಿಡಿದು ನೋಡಿ, ಬಕೆಟ್ಟು ಎತ್ತಿಕೊಂಡು ತನ್ನವರಿಗೆ ಹೇಳಿದಳು: "ನಡೀರಿ, ಈ ಮೇಡಂಗೆ ಕೆಲಸ ಬರೋದಿಲ್ಲ. ಇದ್ದ ಬಣ್ಣಾನೆಲ್ಲ ಕೆಡಿಸಿಬಿಟ್ಟಿದ್ದಾರೆ."

೩. ಗೂಳಿ

ಪುಡಿಯ ಖರ್ಚು ಹೆಚ್ಚಾಯಿತೆಂದು ನಮ್ಮ ಮಾಲೀಕರು ಕರೆಂಟಿನಿಂದ ನೀರು ತಿಳಿಮಾಡುವ ಯಂತ್ರ ತರಿಸಿದರು. ತೊಟ್ಟಿಯಲ್ಲಿ ಸಾಲಾಗಿ ಕಬ್ಬಿಣದ ಹಲಗೆಗಳನ್ನು ಇಳಿಬಿಟ್ಟು ವಿದ್ಯುತ್ ಹರಿಸಿದರೆ, ಕಬ್ಬಿಣವೇ ಸ್ವಲ್ಪಸ್ವಲ್ಪವಾಗಿ ನೀರಿನಲ್ಲಿ ಕರಗಿ ಪುಡಿಯ ಕೆಲಸ ಮಾಡುತ್ತದೆ. ಕೊನೆಗೆ ಹೊರಬರುವ ನೀರಿನಲ್ಲಿ ಕರೆಂಟು ಇರುವುದಿಲ್ಲ. ಇದನ್ನು ನಾನು ಹೇಳಿದೆ, ಯಾರೂ ನಂಬಲಿಲ್ಲ.

ನಮ್ಮ ಹಿರಿಯ ಬಣ್ಣಗಾರ ಚಾಚಾ ಪರೀಕ್ಷೆಗೆ ಒಂದು ದಾರಿ ಹುಡುಕಿದರು. ನೀರು ಹೊರಬೀಳುವ ಬಾಯಿಯ ಹತ್ತಿರ ದಿನಾ ಒಂದು ಗೂಳಿ ಬಂದು ನಿಲ್ಲುತ್ತಿತ್ತು. ಅದು ಮೂತಿ ಇಟ್ಟ ಮೇಲೆ ನೋಡೋಣ ಅಂದರು. ಯಂತ್ರ ಶುರುಮಾಡಿದ ದಿನ ಎಲ್ಲರೂ ಕೆಲಸ ಬಿಟ್ಟು ಗೋಡೆಯ ಮೇಲಿಂದ ಇಣುಕಿದರು. ಗೂಳಿ ಬಂತು, ಮೂತಿ ಇಟ್ಟಿತು, ನಿಧಾನಕ್ಕೆ ಎರಡು ಗುಟುಕು ಕುಡಿಯಿತು. ನಾನು ಗೆದ್ದೆ ಅನ್ನುವಷ್ಟರಲ್ಲಿ ಛಾವಣಿಯ ಮೇಲಿದ್ದ ಮಂಗವೊಂದು ಹೆಂಚಿನ ಚೂರನ್ನು ಅದರ ಬೆನ್ನಿಗೆ ಬೀಳಿಸಿತು. ಗೂಳಿ ನಾಲ್ಕೂ ಕಾಲೆತ್ತಿ ನೆಗೆದು, ಒಂದು ತರಕಾರಿ ಗಾಡಿಯನ್ನು ಮಗುಚಿ ಗಲ್ಲಿಯ ಕೊನೆ ಮುಟ್ಟಿತು. ಮಂಗವನ್ನು ನೋಡಿದವಳು ನಾನೊಬ್ಬಳೇ.

ಮರುದಿನ ಒಬ್ಬರೂ ಆ ಕಡೆ ಸುಳಿಯಲಿಲ್ಲ. ಗೂಳಿ ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಹೊಟ್ಟೆ ತುಂಬ ಕುಡಿದು ಹೋಯಿತು. ಈಗಲಾದರೂ ನಂಬಿ ಎಂದು ಚಾಚಾಗೆ ಹೇಳಿದೆ. ಅವರು ಗಡ್ಡ ನೀವಿಕೊಂಡು, "ಪಾಪ, ಅದಕ್ಕೆ ಕರೆಂಟಿನ ರುಚಿ ಹತ್ತಿಬಿಟ್ಟಿದೆ" ಅಂದರು.

೪. ಕಳ್ಳ

ಇದು ನಡೆಯುವಾಗ ನನಗೆ ನಗು ಬಂದಿರಲಿಲ್ಲ. ಒಂದು ದಿನ ಹಲಗೆಗಳನ್ನು ಮೇಲೆತ್ತಿ ತೊಳೆಯುತ್ತಿದ್ದಾಗ ಮಾಲೀಕರು ಬಂದರು. ಬೆರಳು ದಪ್ಪ ಇದ್ದ ಕಬ್ಬಿಣ ಹಪ್ಪಳದಂತಾಗಿತ್ತು. ಯಾರೋ ದಿನಾ ಅರ ಹಾಕಿ ಉಜ್ಜಿ ಗುಜರಿಗೆ ಮಾರುತ್ತಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ತೊಟ್ಟಿಯ ಪಕ್ಕದಲ್ಲೇ ಕೂರುವವನು ಕಾವಲುಗಾರ. ಚಂದೌಲಿ ಕಡೆಯ ವಯಸ್ಸಾದ ಮನುಷ್ಯ, ಮಾತು ಕಡಿಮೆ. ಅವತ್ತಿನಿಂದ ಅವನು ಮನೆಗೆ ಹೊರಟಾಗ ಮಾಲೀಕರು ಗೇಟಿನಲ್ಲಿ ನಿಂತು ಅವನ ಕೈಚೀಲ, ಊಟದ ಡಬ್ಬಿ ಬಿಚ್ಚಿಸಿ ನೋಡತೊಡಗಿದರು. ಅವನು ಎದುರಾಡದೆ ಬಿಚ್ಚಿ ತೋರಿಸುತ್ತಿದ್ದ. ಆದರೆ ಮಧ್ಯಾಹ್ನದ ರೊಟ್ಟಿ ಅರ್ಧ ಹಾಗೇ ಉಳಿಯುತ್ತಿತ್ತು.

ಹಲಗೆ ಸವೆಯುವುದೇ ಅದರ ಕೆಲಸ, ಸವೆಯದಿದ್ದರೆ ನೀರು ತಿಳಿಯಾಗುವುದಿಲ್ಲ ಎಂದು ಮಾಲೀಕರಿಗೆ ಮತ್ತೆಮತ್ತೆ ಹೇಳಿದೆ. "ಬಿಟಿಯಾ, ನಿನ್ನ ಮನಸ್ಸು ಒಳ್ಳೆಯದು, ಅವನನ್ನು ಉಳಿಸೋಕೆ ನೋಡ್ತಿದ್ದೀಯ. ಕಬ್ಬಿಣ ಏನು ಬತ್ತಾಸೆಯಾ, ನೀರಲ್ಲಿ ಕರಗೋಕೆ?" ಅಂದರು. ತಿಂಗಳು ಮುಗಿದ ಮೇಲೆ ಅವನನ್ನು ಕೆಲಸದಿಂದ ಬಿಡಿಸುವುದೆಂದು ತೀರ್ಮಾನವೂ ಆಗಿತ್ತು.

ನನಗೆ ಉಳಿದದ್ದು ಒಂದೇ ಉಪಾಯ. ಹಲಗೆಗಳನ್ನು ನೀವೇ ತೂಕ ಮಾಡಿ ಇಳಿಸಿ, ಕಾವಲುಗಾರನನ್ನು ಗೇಟಿಗೆ ಕಳಿಸಿ, ಇವತ್ತೊಂದು ದಿನ ನೀವೇ ಕಾವಲು ಕೂತು ನೋಡಿ ಅಂದೆ. ಅವರಿಗೆ ಛಲ ಬಂತು. ನೂಲು ತೂಗುವ ತಕ್ಕಡಿಯಲ್ಲಿ ತೂಗಿ, ಕುರ್ಚಿ ಹಾಕಿಸಿಕೊಂಡು ತೊಟ್ಟಿಯನ್ನೇ ದಿಟ್ಟಿಸುತ್ತ ಕೂತರು. ಊಟವೂ ಅಲ್ಲೇ, ಪಾನೂ ಅಲ್ಲೇ. ಹತ್ತಿರ ಹೋದವರನ್ನೆಲ್ಲ ಗದರಿದರು, ನನ್ನನ್ನೂ ಸೇರಿಸಿ.

ಸಂಜೆ ಯಂತ್ರ ನಿಲ್ಲಿಸಿ, ಹಲಗೆ ತೊಳೆದು, ಒರೆಸಿ, ಅದೇ ತಕ್ಕಡಿಗೆ ಹಾಕಿದರು. ತೂಕ ಇಳಿದಿತ್ತು. ಇನ್ನೊಮ್ಮೆ ತೂಗಿದರು. ಚಾಚಾನ ಕೈಲಿ ತೂಗಿಸಿದರು. ಆಮೇಲೆ ಕೈಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟರು.

ಗೇಟಿನಲ್ಲಿ ಕಾವಲುಗಾರ ಎದ್ದು ನಿಂತು ಕೈ ಮುಗಿದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಮುಗಿದ ಕೈಯನ್ನು ಹಾಗೇ ಮುಂದಕ್ಕೆ ಚಾಚಿ, ಬಹಳ ವಿನಯದಿಂದ, "ಮಾಲಿಕ್, ಚೀಲ" ಅಂದ.

ಮಾಲೀಕರು ಹೆಗಲಿನಿಂದ ಚೀಲ ತೆಗೆದು ಕೊಟ್ಟರು. ಅವನು ಒಳಗಿದ್ದ ಪಾನಿನ ಡಬ್ಬಿ ತೆರೆದು ಮೂಸಿ ನೋಡಿದ, ಕನ್ನಡಕದ ಪೆಟ್ಟಿಗೆ ಅಲ್ಲಾಡಿಸಿ ಕೇಳಿಸಿಕೊಂಡ, ಎಲ್ಲ ಇದ್ದ ಹಾಗೇ ಜೋಡಿಸಿ ಎರಡೂ ಕೈಯಲ್ಲಿ ವಾಪಸು ಕೊಟ್ಟ.

"ಏನೂ ಇಲ್ಲ ಮಾಲಿಕ್, ನೆಮ್ಮದಿಯಾಗಿ ಹೋಗಿ ಬನ್ನಿ," ಅಂದ. "ನಿಮ್ಮ ಮೇಲೆ ನನಗೇನೂ ಅನುಮಾನ ಇಲ್ಲ."