ಉಗುರಮ್ಮನ ಸಂದರ್ಶನ

ಎಂಬಿಬಿಎಸ್ ಎರಡನೇ ವರ್ಷದಲ್ಲಿ ಚರ್ಮರೋಗ ವಿಭಾಗದ ಪ್ರೊಫೆಸರು, "ಒಂದು ಚಿಕ್ಕ ಸಂಶೋಧನೆ ಇದೆ, ಮಾಡ್ತೀಯಾ?" ಎಂದಾಗ ಅವಳು ತಲೆಯಾಡಿಸಿದ್ದೇ ತಪ್ಪಾಯಿತು. ಸುಮ್ಮನಿದ್ದರೆ ಏನು ಗಂಟು ಹೋಗುತ್ತಿತ್ತು! ನಾನೂರು ಜನರ ಕಾಲುಗುರಿಗೆ ಹಿಡಿದ ಬೂಷ್ಟು ಕೆರೆದು, ವರದಿ ಬರೆದುಕೊಟ್ಟಳು. ಲೇಖನ ಅಚ್ಚಾಯಿತು, ಪ್ರೊಫೆಸರ ಹೆಸರು ಮೊದಲು, ಇವಳದು ಕಟ್ಟಕಡೆಗೆ. ಬೀದಿಗೆಲ್ಲ ಮಾತ್ರ ಇವಳೇ 'ಉಗುರಮ್ಮ' ಆದಳು.

ಡಾಕ್ಟರಾಗಿ ಹೊರಬಂದವಳಿಗೆ ಇವತ್ತು ಮುಂದಿನ ಓದಿನ ಸಂದರ್ಶನ. ಅರಿವಳಿಕೆ ವಿಭಾಗದಲ್ಲಿ ಇದ್ದದ್ದು ಒಂದೇ ಸೀಟು. ಅದು ತಪ್ಪಿದರೆ ಚರ್ಮರೋಗ, ಅಂದರೆ ಜೀವಮಾನವಿಡೀ ಉಗುರು. ಪ್ರಜ್ಞೆ ತಪ್ಪಿ ಮಲಗಿದ ರೋಗಿ ಕಾಲು ಚಾಚಿ ತೋರಿಸುವುದಿಲ್ಲವೆಂದೇ ಅವಳು ಅರಿವಳಿಕೆಗೆ ಮನಸೋತಿದ್ದಳು.

ಮೆಟ್ಟಿಲಲ್ಲೇ ಮೇಲಿನ ಮನೆ ಆಂಟಿ ಚಪ್ಪಲಿ ಬಿಟ್ಟು ಅಡ್ಡ ನಿಂತರು. "ಹೆಬ್ಬೆರಳು ಒಂಚೂರು ನೋಡೇ ತಾಯಿ, ಹಳದಿಯಾಗಿದೆ."

"ತಡವಾಗ್ತಿದೆ ಆಂಟಿ!"

"ನೋಡೋಕೇನು ಗಂಟೆ ಬೇಕಾ? ಡಾಕ್ಟರಾದ್ಮೇಲೆ ಕೊಬ್ಬು ನೋಡು!"

ಕಾರಲ್ಲಿ ಬಿಡುತ್ತೇನೆಂದ ಸೋದರಮಾವ ಸಿಗ್ನಲ್ಲಿನಲ್ಲಿ ಬೂಟು ಬಿಚ್ಚಿ, ಕಾಲ್ಚೀಲ ಎಳೆದು, ಪಾದವನ್ನು ಅವಳ ಮಡಿಲ ಕಡೆಗೇ ತಂದ. ಹಸಿರು ದೀಪ ಬರುವ ಹೊತ್ತಿಗೆ ಬೂಟು ಬ್ರೇಕಿನಡಿ ಸಿಕ್ಕಿಕೊಂಡಿತ್ತು. ಹಿಂದಿನವರೆಲ್ಲ ಹಾರನ್ ಬಾರಿಸಿದರು. ಅವಳು ಇಳಿದು, ಬಾಗಿಲು ಧಡಾರನೆ ಹಾಕಿ ಓಡಿದಳು.

ಸಂದರ್ಶನದ ಕೋಣೆಯ ಹೊರಗಿದ್ದ ಗುಮಾಸ್ತ ಅವಳ ಫೈಲು ತಿರುವಿ, "ಓಹೋ, ನೀವೇನಾ ಉಗುರಮ್ಮ!" ಎಂದವನೇ ಅದೇ ಫೈಲಿನ ಮೇಲೆ ಕಾಲಿಟ್ಟ. ಅವಳ ಪಿತ್ತ ನೆತ್ತಿಗೇರಿತು. ಫೈಲು ಕಿತ್ತುಕೊಂಡು ಒಳನುಗ್ಗಿದಳು.

ಅರಿವಳಿಕೆ ವಿಭಾಗದ ಮುಖ್ಯಸ್ಥೆ ಕನ್ನಡಕ ಏರಿಸಿದರು. "ಉಗುರಿನ ಸಂಶೋಧನೆ ಮಾಡಿದ್ದೀಯಲ್ಲಮ್ಮ, ಇಲ್ಲೇನು ಕೆಲಸ ನಿಂಗೆ?"

ನಾಲ್ಕು ವರ್ಷದ ಸಿಟ್ಟು ಒಮ್ಮೆಲೇ ಹೊರಬಿತ್ತು.

"ಹತ್ತೊಂಬತ್ತನೇ ವಯಸ್ಸಲ್ಲಿ ಒಂದ್ಸಲ ಹೂಂ ಅಂದಿದ್ದಕ್ಕೆ ಸಾಯೋವರೆಗೂ ಉಗುರು ಕೆರೀಬೇಕಾ ಮೇಡಂ? ಕೆರೆದೋಳು ನಾನು, ಹೆಸರು ಹೊಡ್ಕೊಂಡೋರು ಪ್ರೊಫೆಸರು! ಇನ್ನೊಬ್ಬರ ಕಾಲು ಮುಟ್ಟಲ್ಲ ನಾನು. ಸೀಟು ಕೊಡ್ತೀರೋ ಬಿಡ್ತೀರೋ ನಿಮ್ಮಿಷ್ಟ!"

ಸೀಟು ಕೈತಪ್ಪಿತೆಂದು ಅವಳ ಕಣ್ಣಲ್ಲಿ ನೀರೇ ಬಂತು.

ಮುಖ್ಯಸ್ಥೆ ನಕ್ಕರು. "ಸೀಟು ನಿಂದೇ ಕಣಮ್ಮ! ಆಪರೇಷನ್ನಲ್ಲಿ ಕಾಲ್ಬೆರಳಿಗೂ ಕ್ಲಿಪ್ ಹಾಕಿ ಆಕ್ಸಿಜನ್ ನೋಡ್ತೀವಲ್ಲ, ಬೂಷ್ಟು ಹಿಡಿದ ಉಗುರಾದ್ರೆ ಅಳತೆ ಸರಿ ಬರುತ್ತೋ ಇಲ್ವೋ ನೋಡ್ಬೇಕು. ಉಗುರು ಬಲ್ಲೋರು ಒಬ್ರೂ ಸಿಕ್ಕಿರ್ಲಿಲ್ಲ. ಮೂರು ವರ್ಷ, ಎರಡು ಸಾವಿರ ಕಾಲು."

ಅವಳು ಕಣ್ಣೊರೆಸಿಕೊಂಡಳು. "ಮೇಡಂ, ಅವರೆಲ್ಲ ಪ್ರಜ್ಞೆ ಇಲ್ದೆ ಮಲಗಿರ್ತಾರಲ್ಲ, ಕಾಲು ಚಾಚಿ ತೋರ್ಸೋರು ಯಾರು..."

"ಅದಕ್ಕೇನಂತೆ," ಎಂದರು ಮುಖ್ಯಸ್ಥೆ, "ಕಾಲ್ಚೀಲ ನೀನೇ ಬಿಚ್ಕೋ."