ಹುಳಿಗೆ ಉಪ್ಪು ಹಾಕಿದ ಮೂರು ಥ್ರೆಡ್‌ಗಳು

ಹೊಸ ಸಿಲಬಸ್ ಬಂದ ದಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವರವರ ಟಿಫನ್ ಡಬ್ಬಿಯೊಳಗೆ ಮುಖ ಹುದುಗಿಸಿಕೊಂಡರು. ಕನ್‌ಕರೆಂಟ್ ಪ್ರೋಗ್ರಾಮಿಂಗ್ ಎಂಬ ಪೇಪರನ್ನು ಯಾರು ಪಾಠ ಮಾಡುತ್ತೀರಿ ಎಂದು ಎಚ್‌ಓಡಿ ಕೇಳಿದ್ದರು. ಒಂದೇ ಪ್ರೋಗ್ರಾಮಿನೊಳಗೆ ಹಲವು ಕೆಲಸಗಳು ಒಟ್ಟಿಗೇ ನಡೆಯುವಂತೆ ಬರೆಯುವ ವಿದ್ಯೆ ಅದು. ಒಂದೊಂದು ಕೆಲಸದ ಎಳೆಗೂ ಥ್ರೆಡ್ ಎಂದು ಹೆಸರು. ಒಲೆಯ ಮೇಲೆ ಹಾಲು, ಕಿವಿಯಲ್ಲಿ ಫೋನು, ಕೈಯಲ್ಲಿ ಉತ್ತರ ಪತ್ರಿಕೆ ಇಟ್ಟುಕೊಂಡೇ ಸಂಸಾರ ಮಾಡಿದವಳಿಗೆ ಇದೇನು ಮಹಾ?

"ಸಾರ್, ನಂಗೆ ಕೊಡಿ" ಎಂದೆ.

"ನೋಡೋಣ ಸುಧಾ ಮೇಡಂ. ಮೊದ್ಲು ಓದ್ಕೊಳ್ಳಿ" ಎಂದರು.

ಆ 'ನೋಡೋಣ' ಚುಚ್ಚಿತು. ವರ್ಷಾನುಗಟ್ಟಲೆ ಒಂದೇ ಪಾಠ ಒದರಿ ನನಗೇ ಬೇಜಾರಾಗಿತ್ತು. ಈ ಪೇಪರ್ ನನಗೆ ಬೇಕೇ ಬೇಕಿತ್ತು.

ಓದತೊಡಗಿದೆ. ಎರಡು ಥ್ರೆಡ್‌ಗಳು ಒಂದೇ ಲೆಕ್ಕಕ್ಕೆ ಒಂದೊಂದು ಕೂಡಿಸುತ್ತ ಹೋಗುವ ಪುಟ್ಟ ಪ್ರೋಗ್ರಾಂ ಬರೆದು ಓಡಿಸಿದರೆ, ಪ್ರತಿ ಸಲವೂ ಬೇರೆ ಉತ್ತರ! ಒಂದೇ ಪ್ರಶ್ನೆಗೆ ದಿನಕ್ಕೊಂದು ಉತ್ತರ ಕೊಡುವುದು ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಸಿದ್ಧಿಸಿದ ಕಲೆ ಎಂದುಕೊಂಡಿದ್ದೆ.

"ಕಂಪ್ಯೂಟರ್ ಕೆಟ್ಟಿರ್ಬೇಕು ಕಣೇ. ಆಫ್ ಮಾಡಿ ಆನ್ ಮಾಡು" ಎಂದರು ನಮ್ಮೆಜಮಾನರು. ಅವರದು ಸರ್ಕಾರಿ ಕಚೇರಿ. ಅಲ್ಲಿ ಎಲ್ಲ ಕಾಯಿಲೆಗೂ ಅದೇ ಔಷಧ.

"ಅಲ್ಲಾರೀ. ಇಬ್ಬರೂ ಒಟ್ಟಿಗೆ ಇಣುಕಿ ನೋಡ್ತಾರೆ, ಇಬ್ಬರಿಗೂ ಒಂದೇ ಸಂಖ್ಯೆ ಕಾಣುತ್ತೆ. ಇನ್ನೊಬ್ಬರು ಇದಾರೆ ಅನ್ನೋದೇ ಗೊತ್ತಿಲ್ದೆ ಇಬ್ಬರೂ ಕೆಲಸ ಮಾಡ್ತಾರೆ, ಲೆಕ್ಕ ತಪ್ಪುತ್ತೆ. ಅದಕ್ಕೆ ರೇಸ್ ಕಂಡೀಷನ್ ಅಂತಾರೆ."

"ನಮ್ಮ ಕಚೇರೀಲಿ ಆ ತೊಂದ್ರೆ ಇಲ್ಲ. ಇಬ್ಬರೂ ಮಾಡಲ್ಲ" ಎಂದು ದಿನಪತ್ರಿಕೆ ಮಡಚಿದರು.

ನನ್ನ ತಲೆಗೆ ಮಾತ್ರ ಹುಳ ಹೊಕ್ಕಿತು. ಇದು ಹೇಗೆ ಆಗುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಬೇಕಲ್ಲ? ದೇವರು ಕೇಳಿಸಿಕೊಂಡನೆಂದು ಕಾಣುತ್ತದೆ. ಆ ಭಾನುವಾರ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಎಚ್‌ಓಡಿ ಮನೆ ವಿಜಯನಗರದಲ್ಲಿ, ಹತ್ತಿರವೇ. ಅವರನ್ನೂ ಊಟಕ್ಕೆ ಕರೆದೆ. ನನ್ನ ಕಾರ್ಯದಕ್ಷತೆಯನ್ನು ಅವರು ಖುದ್ದಾಗಿ ನೋಡಲಿ ಎಂಬ ಆಸೆ.

ಪೂಜೆಯ ಅಡುಗೆ ಯಾವಾಗಲೂ ಅತ್ತೆಯೊಬ್ಬರದೇ. "ಅತ್ತೆ, ಈ ಸಲ ನೀವು, ನಾನು, ಇವರು ಮೂರೂ ಜನ ಒಟ್ಟಿಗೇ ಮಾಡೋಣ. ಯಾರು ಬಿಡುವಾಗಿರ್ತಾರೋ ಅವರು ಮುಂದಿನ ಕೆಲಸ ಹಿಡ್ಕೊಳ್ಳೋದು. ಬೇಗ ಮುಗಿಯುತ್ತೆ" ಎಂದೆ.

"ಅದೇನೋಮ್ಮಾ. ಪುರೋಹಿತರು ಮಂಗಳಾರತಿ ಮಾಡೋ ಹೊತ್ತಿಗೆ ಅಡುಗೆ ಆಗಿದ್ರೆ ಸರಿ" ಎಂದರು.

ನಾನು ಮರೆತ ಸಂಗತಿ ಒಂದೇ. ನೈವೇದ್ಯಕ್ಕೆ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಸೌಟನ್ನು ಮೂಗಿನ ಹತ್ತಿರ ತಂದರೂ ಅತ್ತೆ ಗದರುತ್ತಾರೆ. ಹಾಗಾಗಿ ಹುಳಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದು ಹಾಕಿದವರಿಗೆ ಮತ್ತು ಸತ್ಯನಾರಾಯಣನಿಗೆ ಮಾತ್ರ ಗೊತ್ತು.

ಹುಳಿ ಕುದಿಯುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ಉಪ್ಪು ಹಾಕಿ ತೆಂಗಿನಕಾಯಿ ತುರಿಯಲು ಹೋದೆ. ಸ್ವಲ್ಪ ಹೊತ್ತಿಗೆ ಹಜಾರದಿಂದ ಬಂದ ಅತ್ತೆ, "ಹುಳಿಗೆ ಉಪ್ಪು ಹಾಕಿದೀನಿ, ಇಳಿಸ್ಕೊಳ್ಳಿ" ಎಂದರು.

"ನಾನೂ ಹಾಕ್ದೆನಲ್ಲಮ್ಮಾ. ಸುಧಾಗೆ ಮರೆವು ಅಂತ" ಎಂದರು ಇವರು.

ನನ್ನ ಕೈಯಲ್ಲಿದ್ದ ತೆಂಗಿನ ಹೋಳು ಜಾರಿತು. "ರೇಸ್ ಕಂಡೀಷನ್! ರೀ, ಇದೇ ರೀ ಅದು!"

"ಅಯ್ಯೋ, ಹುಳಿ ಹಾಳಾಗಿದೆ, ಇವಳು ಕುಣೀತಾಳಲ್ಲೋ" ಎಂದು ಅತ್ತೆ ಮಗನ ಮುಖ ನೋಡಿದರು.

"ಅಂದ್ರೆ ನೀನೂ?" ಎಂದರು ಇವರು. ನಾನೂ ಎಂದು ತಲೆಯಾಡಿಸಿದೆ.

ಸಾರಿಗೆಂದು ಬೇಯಿಸಿದ್ದ ಬೇಳೆಯಲ್ಲಿ ಅರ್ಧ, ಜೊತೆಗೆ ಒಂದು ಚೊಂಬು ಬಿಸಿನೀರು ಹುಳಿಗೆ ಹೋಯಿತು. ಆದರೂ ಉಪ್ಪು ಎಷ್ಟು ತಗ್ಗಿತೆಂದು ನೋಡುವ ದಾರಿಯಿರಲಿಲ್ಲ. ಈ ರೋಗಕ್ಕೆ ಪುಸ್ತಕದಲ್ಲಿ, ಒಬ್ಬರು ಹಿಡಿದಿರುವಾಗ ಇನ್ನೊಬ್ಬರು ಕೈಯಿಡದಂತೆ ತಡೆಯುವ ಲಾಕ್ ಎಂಬ ಮದ್ದಿದೆ. ತಕ್ಷಣ ಆದೇಶ ಹೊರಡಿಸಿದೆ: ಉಪ್ಪು ಹಾಕುವವರ ಕೈಯಲ್ಲಿ ಉಪ್ಪಿನ ಭರಣಿ ಮತ್ತು ದೊಡ್ಡ ಸೌಟು ಎರಡೂ ಇರತಕ್ಕದ್ದು. ಕೈಗೆ ಬಂದದ್ದನ್ನು ಕೆಲಸ ಮುಗಿಯುವ ತನಕ ಬಿಟ್ಟುಕೊಡತಕ್ಕದ್ದಲ್ಲ. ಈ ಧಾಟಿಯ ಕಚೇರಿ ಕನ್ನಡ ಕಿವಿಗೆ ಬಿದ್ದರೆ ಇವರು ಎದ್ದು ನಿಲ್ಲುತ್ತಾರೆ. ಅತ್ತೆ ಮಾತ್ರ, "ಇನ್ನು ನಾನು ಉಪ್ಪು ಮುಟ್ಟಿದ್ರೆ ಕೇಳು" ಎಂದು ದೇವರ ಮುಂದೆ ಹೋಗಿ ಕೂತರು.

ಸಾರಿಗೆ ಉಪ್ಪು ಹಾಕೋಣವೆಂದು ನಾನು ಭರಣಿ ಎತ್ತಿಕೊಂಡೆ. ಕೋಸಂಬರಿಗೆ ಹಾಕೋಣವೆಂದು ಅದೇ ಗಳಿಗೆಯಲ್ಲಿ ಇವರು ಸೌಟು ಎತ್ತಿಕೊಂಡರು.

"ಸೌಟು ಕೊಡಿ."

"ಭರಣಿ ಕೊಡು."

"ನಂದಾಗ್ಲಿ, ಆಮೇಲೆ ಕೊಡ್ತೀನಿ."

"ನಿಯಮ ಮಾಡಿದ್ದು ನೀನೇ. ಕೈಗೆ ಬಂದದ್ದು ಬಿಡೋ ಹಾಗಿಲ್ಲ."

ನಾನಾದರೂ ಹೇಗೆ ಬಿಡಲಿ? ಮನೆಯಲ್ಲೇ ನಿಯಮ ಮುರಿದವಳು ಕ್ಲಾಸಿನಲ್ಲಿ ಏನು ಪಾಠ ಮಾಡುವುದು? ಹಾಗೇ ನಿಂತೆವು. ಪುಸ್ತಕದಲ್ಲಿ ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ. ಒಬ್ಬರ ಹತ್ತಿರ ಇರುವುದಕ್ಕೆ ಇನ್ನೊಬ್ಬರು ಕಾಯುತ್ತ, ಇಬ್ಬರೂ ಅಲ್ಲಾಡದಿರುವುದು. ಓದಿದಾಗ, ಇಷ್ಟು ದಡ್ಡರು ಎಲ್ಲಿರುತ್ತಾರೆ ಎಂದುಕೊಂಡಿದ್ದೆ.

"ಏನು, ಫೋಟೋಗೆ ನಿಂತಿದೀರಾ? ಅಲ್ಲಿ ಪಾಯಸ ಸೀದ್‌ಹೋಗ್ತಿದೆ!" ಅತ್ತೆ ಬಾಗಿಲಲ್ಲಿದ್ದರು. ಭರಣಿ ಕೆಳಗಿಟ್ಟು ಪಾಯಸದ ಕಡೆ ಓಡಿದೆವು. ತಳ ಹತ್ತಿದ್ದನ್ನು ಬಿಟ್ಟು ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸುವಷ್ಟರಲ್ಲಿ ಮಂಗಳಾರತಿಯ ಗಂಟೆ. ಸಾರಿಗೆ ಉಪ್ಪು ಇವರು ಹಾಕಿರುತ್ತಾರೆ ಎಂದು ನಾನು, ನಾನು ಹಾಕಿರುತ್ತೇನೆ ಎಂದು ಇವರು.

ಎಚ್‌ಓಡಿ ಎಲೆಯ ಮುಂದೆ ಕೂತರು. ಸಾರನ್ನ ಒಂದು ತುತ್ತು ತಿಂದು ಅದನ್ನು ಪಕ್ಕಕ್ಕೆ ಸರಿಸಿದರು. ಹುಳಿಯನ್ನ ಒಂದು ತುತ್ತು ತಿಂದು ನೀರಿನ ಲೋಟಕ್ಕೆ ಕೈ ಹಾಕಿದರು. ಆಮೇಲೆ ಹುಳಿಯನ್ನದ ಮೇಲೆ ಸಾರು ಹಾಕಿಸಿಕೊಂಡು ಕಲಸಿ, "ಮೇಡಂ, ಎರಡನ್ನೂ ಸೇರಿಸ್ಕೊಂಡ್ರೆ ಚೆನ್ನಾಗಿದೆ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟು ಸಾಲದೆಂದು ನಮ್ಮೆಜಮಾನರು ಪಕ್ಕದಲ್ಲಿ ಕೂತು, ಹುಳಿಯಿಂದ ಪಾಯಸದವರೆಗೆ ಒಂದನ್ನೂ ಬಿಡದೆ ವರದಿ ಒಪ್ಪಿಸಿದರು. ಎಚ್‌ಓಡಿ ನಕ್ಕು ನಕ್ಕು ನೆತ್ತಿಗೇರಿಸಿಕೊಂಡರು. ಪೇಪರ್ ಕೈತಪ್ಪಿತು ಎಂದು ನಾನು ಅಡುಗೆಮನೆ ಸೇರಿದೆ.

ಹೊರಡುವಾಗ ತಾಂಬೂಲ ತೆಗೆದುಕೊಂಡು ಕರೆದರು. "ಪೇಪರ್ ನಿಮಗೇ ಮೇಡಂ. ನಿಮಗೆ ಅರ್ಥ ಆಗಿರೋ ಹಾಗೆ ಇನ್ಯಾರಿಗೂ ಆಗಿರಲ್ಲ."

ನನ್ನ ಕಾಲು ನೆಲದ ಮೇಲಿರಲಿಲ್ಲ. ಅವರು ಚಪ್ಪಲಿ ಮೆಟ್ಟಿ, ಗೇಟಿನ ಹತ್ತಿರ ಹೋಗಿ, ತಿರುಗಿ ನಿಂತರು.

"ಥಿಯರಿ ಮಾತ್ರ. ಲ್ಯಾಬ್ ಬೇರೆಯವರು ನೋಡ್ಕೊಳ್ಳಲಿ."

"ಸರಿಯಾಗಿ ಹೇಳಿದ್ರಿ" ಎಂದರು ಹಿಂದಿನಿಂದ ಅತ್ತೆ. ಅವರ ಕಂಕುಳಲ್ಲಿ ಉಪ್ಪಿನ ಭರಣಿಯಿತ್ತು. ಮುಂದಿನ ಪೂಜೆಗೆ ನನಗೆ ಬಾಳೆಲೆ ಒರೆಸುವ ಕೆಲಸವಂತೆ. ಒಬ್ಬಳೇ ಕೂತು ಒರೆಸಬೇಕಂತೆ.